ಆರು ಶಿಲಿಂಗಿನಿಂದ ಶುರುವಾದ ಕಸುಬು

ಆಡಲು ಹೋದರೆ ಕೂಲಿ ತಪ್ಪುತ್ತಿತ್ತು, ಕೂಲಿಗೆ ಹೋದರೆ ಆಟ ತಪ್ಪುತ್ತಿತ್ತು. 19ನೇ ಶತಮಾನದ ಕೊನೆಯಲ್ಲಿ ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್, ಲ್ಯಾಂಕಶೈರ್‌ಗಳಲ್ಲಿ ರಗ್ಬಿ ಆಡುತ್ತಿದ್ದವರಲ್ಲಿ ಬಹಳಷ್ಟು ಮಂದಿ ಕಲ್ಲಿದ್ದಲು ಗಣಿ, ಬಟ್ಟೆ ಗಿರಣಿಗಳ ದುಡಿಮೆಗಾರರು. ಶನಿವಾರವೂ ಅವರಿಗೆ ಪೂರ್ತಿ ಬಿಡುವಿರಲಿಲ್ಲ. ತಪ್ಪಿದ ಕೂಲಿಯನ್ನಾದರೂ ತುಂಬಿಕೊಡೋಣ ಎಂದು ಕ್ಲಬ್‌ಗಳು ಕೇಳಿದಾಗ ರಗ್ಬಿ ಆಡಳಿತ ಒಪ್ಪಲಿಲ್ಲ. ಆಟಕ್ಕೆ ಹಣ ಪಡೆಯುವುದು ಸಲ್ಲದು ಎಂಬುದು ಅದರ ನಿಲುವು. ಉಂಡು ಉಟ್ಟವರ ನೀತಿಯನ್ನು ಹಸಿದವರ ಮೇಲೆ ಹೇರಿದ ಅನ್ಯಾಯವದು.

1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿದ ಕ್ಲಬ್‌ಗಳು ಬೇರೆಯಾಗಿ 'ನಾರ್ದರ್ನ್ ಯೂನಿಯನ್' ಕಟ್ಟಿಕೊಂಡವು. ಆಟಗಾರನಿಗೆ ಕೊಟ್ಟದ್ದು ತಪ್ಪಿದ ಕೂಲಿಯ ಬದಲಿಗೆ ದಿನಕ್ಕೆ ಆರು ಶಿಲಿಂಗ್ ಮಾತ್ರ. 1898ರಲ್ಲಿ ಆಟಕ್ಕೇ ಹಣ ಕೊಡಲು ಅನುಮತಿ ಸಿಕ್ಕಿತಾದರೂ ಆಟಗಾರನಿಗೆ ಬೇರೊಂದು ಕೆಲಸ ಇರಲೇಬೇಕೆಂಬ ಷರತ್ತಿತ್ತು. 1906ರಲ್ಲಿ ತಂಡ 15ರಿಂದ 13 ಜನರಿಗೆ ಇಳಿಯಿತು. ರಗ್ಬಿ ಲೀಗ್ ಎಂಬ ಹೆಸರು ಬಂದದ್ದು 1922ರಲ್ಲಿ.

ಹಳೆಯ ರಗ್ಬಿ ಇದನ್ನು ಕ್ಷಮಿಸಲಿಲ್ಲ. ಲೀಗ್‌ನಿಂದ ಹಣ ಮುಟ್ಟಿದವನಿಗೆ ಆ ಹಳೆಯ ರಗ್ಬಿಯ ಬಾಗಿಲು ಜೀವನಪೂರ್ತಿ ಮುಚ್ಚುತ್ತಿತ್ತು. 1995ರವರೆಗೂ ಇದೇ ಕಟ್ಟಳೆ.

ಹೀಗಿದ್ದೂ ವೇಲ್ಸ್‌ನಿಂದ ಹುಡುಗರು ಲೀಗ್ ಆಡಲು ಉತ್ತರ ಇಂಗ್ಲೆಂಡಿಗೆ ಹೊರಡುತ್ತಲೇ ಇದ್ದರು. ಬಿಲ್ಲಿ ಬಾಸ್ಟನ್ ಕಾರ್ಡಿಫ್ ಬಂದರಿನ ಟೈಗರ್ ಬೇ ಕೇರಿಯವರು, ತಂದೆ ಸಿಯೆರಾ ಲಿಯೋನ್‌ನವರು. ಕಾರ್ಡಿಫ್ ಪರ, ವೇಲ್ಸ್ ಪರ ಆಡುವುದು ಅವರ ಆಸೆ. ಕಾರ್ಡಿಫ್ ಕ್ಲಬ್ ಕರೆಯಲೇ ಇಲ್ಲ. 1953ರಲ್ಲಿ ಲ್ಯಾಂಕಶೈರಿನ ವಿಗನ್ ಲೀಗ್ ಕ್ಲಬ್ಬಿನವರು ಮನೆಗೆ ಬಂದು ಮೇಜಿನ ಮೇಲೆ ನೋಟು ಹರಡಿದರು. ಬಂದವರನ್ನು ಸಾಗಹಾಕಲು ತಾಯಿ ಬೇಕೆಂದೇ ಮೂರು ಸಾವಿರ ಪೌಂಡ್ ಕೇಳಿದರಂತೆ. ವಿಗನ್ ಒಪ್ಪಿಬಿಟ್ಟಿತು! ಹತ್ತೊಂಬತ್ತು ತುಂಬದ ಹುಡುಗನ ದಾರಿ ಅಲ್ಲಿಗೆ ತೀರ್ಮಾನವಾಯಿತು.

ವಿಗನ್‌ಗಾಗಿ ಅವರು ಆಡಿದ್ದು 488 ಪಂದ್ಯ, ಗಳಿಸಿದ್ದು 478 ಟ್ರೈ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸುವ ಆ ಕೆಲಸವನ್ನು ಹೆಚ್ಚುಕಡಿಮೆ ಪ್ರತಿ ಪಂದ್ಯದಲ್ಲೂ ಮಾಡಿದರೆಂದಾಯಿತು. 1954ರಲ್ಲಿ ಗ್ರೇಟ್ ಬ್ರಿಟನ್ ತಂಡದೊಂದಿಗೆ ಆಸ್ಟ್ರೇಲಿಯ, ನ್ಯೂಜಿಲೆಂಡ್ ಪ್ರವಾಸ ಹೊರಟಾಗ ಅವರು ವಿಗನ್ ಪರ ಆಡಿದ್ದು ಬೆರಳೆಣಿಕೆಯ ಪಂದ್ಯ. ಅಲ್ಲಿ 36 ಟ್ರೈ ಹೊಡೆದು ಮರಳಿದರು.

ಅದೇ ಕಾರ್ಡಿಫ್‌ನ ಕ್ಲೈವ್ ಸಲಿವನ್ ಬಾಲ್ಯದಲ್ಲಿ ಕಾಲಿನ ಶಸ್ತ್ರಚಿಕಿತ್ಸೆಗಳನ್ನು ಕಂಡವರು. 1972ರಲ್ಲಿ ಅವರು ಗ್ರೇಟ್ ಬ್ರಿಟನ್ ತಂಡದ ನಾಯಕರಾದರು. ಪ್ರಮುಖ ಕ್ರೀಡೆಯೊಂದರಲ್ಲಿ ಆ ದೇಶದ ತಂಡಕ್ಕೆ ಕಪ್ಪುವರ್ಣೀಯರೊಬ್ಬರು ನಾಯಕರಾದದ್ದು ಅದೇ ಮೊದಲು. ಆ ವರ್ಷ ವಿಶ್ವಕಪ್ಪನ್ನೂ ಗೆದ್ದರು. 1985ರಲ್ಲಿ ಕ್ಯಾನ್ಸರ್ ಅವರನ್ನು ಒಯ್ದಾಗ ಅವರು ಆಡಿದ್ದ ಹಲ್ ನಗರ ತನ್ನದೊಂದು ಹೆದ್ದಾರಿಗೆ ಅವರ ಹೆಸರಿಟ್ಟಿತು.

ಇಷ್ಟು ದೊಡ್ಡ ಹೆಸರು ಮಾಡಿದರೂ ಆಟವೊಂದರಿಂದಲೇ ಬದುಕು ಸಾಗುತ್ತಿರಲಿಲ್ಲ. 1996ರಲ್ಲಿ ವೃತ್ತಿಪರ ಪಂದ್ಯಾವಳಿಯಾದ ಸೂಪರ್ ಲೀಗ್ ಬರುವವರೆಗೆ ಬಹುಪಾಲು ಆಟಗಾರರು ಹಗಲಿಗೆ ಬೇರೆ ಕೆಲಸ ಮಾಡುತ್ತಿದ್ದರು. ಗೆದ್ದ ವಾರ ಕೈಗೆ ಹೆಚ್ಚು ಬರುತ್ತಿತ್ತು, ಸೋತ ವಾರ ಕಡಿಮೆ. ಬಾಸ್ಟನ್ ನಿವೃತ್ತಿಯ ಬಳಿಕ ವಿಗನ್‌ನಲ್ಲೇ ಒಂದು ಪಬ್ ನಡೆಸಿದರು. ಅವರ ತವರು ಕಾರ್ಡಿಫ್ ಬಂದರಿನಲ್ಲಿ ಅವರಿಗೂ ಸಲಿವನ್ ಮತ್ತು ಇನ್ನೊಬ್ಬ ಲೀಗ್ ಆಟಗಾರ ಗಸ್ ರಿಸ್ಮನ್ ಅವರಿಗೂ ಪ್ರತಿಮೆ ನಿಂತದ್ದು 2023ರಲ್ಲಿ. ಎರಡು ವರ್ಷಗಳ ನಂತರ, 90ನೇ ವಯಸ್ಸಿನಲ್ಲಿ ಬಾಸ್ಟನ್ 'ಸರ್' ಪದವಿ ಪಡೆದರು. ರಗ್ಬಿ ಲೀಗ್ ಆಟಗಾರರೊಬ್ಬರಿಗೆ ಈ ಗೌರವ ಸಿಗಲು 130 ವರ್ಷ ಬೇಕಾಯಿತು.