ನೀರು ಕಡಿಮೆ ಇದ್ದಾಗ ಪಾತ್ರೆ ತೊಳೆಯುವುದು ಹೇಗೆ? ಆರು ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು

ಬೇಸಿಗೆ ಬಂದು ಟ್ಯಾಂಕರ್ ತಡವಾಗತೊಡಗಿದರೆ ಸಾಕು, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ನೀರು ಉಳಿಸುವ ಸಲಹೆಗಳು ಹರಿದಾಡುತ್ತವೆ. ಪೇಪರ್ ತಟ್ಟೆಯಲ್ಲಿ ಉಣ್ಣಿ, ಬೂದಿ ಹಾಕಿ ಒರೆಸಿದರೆ ನೀರೇ ಬೇಡ, ಡಿಶ್‌ವಾಷರ್ ಇದ್ದರೆ ಮಾರಿಬಿಡಿ ಎಂಬಂಥ ಮಾತುಗಳು ಅವು. ಕೆಲವು ಸಲಹೆಗಳು ಸರಿ, ಕೆಲವು ಅರ್ಧ ಸರಿ. ಒಂದೆರಡನ್ನು ನಂಬಿದರೆ ಹೊಟ್ಟೆ ಕೆಡುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಪಾತ್ರೆ ತೊಳೆಯುವಾಗ ನೀರು ಪೋಲಾಗುವುದು ತೊಳೆಯುವುದರಿಂದಲ್ಲ, ಬಿಟ್ಟ ನಲ್ಲಿಯಿಂದ. ನೀರು ಉಳಿಸಲು ಕೊನೆಯ ಸಲ ಗಲಬರಿಸುವುದನ್ನೋ ಒಣಗಿಸುವುದನ್ನೋ ಬಿಡಬೇಕಿಲ್ಲ. ಕೆಲಸದ ಕ್ರಮ ಬದಲಾದರೆ ಸಾಕು.

ಹಿನ್ನೆಲೆ: 2024ರ ಬೇಸಿಗೆ

ಬೆಂಗಳೂರಿನ ಹೊರವಲಯದ 110 ಹಳ್ಳಿಗಳು 2007ರಲ್ಲಿ ಬಿಬಿಎಂಪಿಗೆ ಸೇರಿದವು. ಆದರೆ ಅಲ್ಲಿನ ಬಹುಪಾಲು ಮನೆಗಳು ಬೋರ್‌ವೆಲ್ ಮತ್ತು ಟ್ಯಾಂಕರನ್ನೇ ನಂಬಿಕೊಂಡಿದ್ದವು. 2023ರಲ್ಲಿ ಮಳೆ ಕೈಕೊಟ್ಟಿತು. 2024ರ ಮಾರ್ಚ್ ಹೊತ್ತಿಗೆ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರ ಗಗನಕ್ಕೇರಿತು. ಆಗ ಜಿಲ್ಲಾಡಳಿತ ದರ ನಿಗದಿ ಮಾಡಿತು. 5 ಕಿಲೋಮೀಟರ್ ಒಳಗೆ 6,000 ಲೀಟರ್ ಟ್ಯಾಂಕರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000 ರೂಪಾಯಿ. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ಅಪಾರ್ಟ್‌ಮೆಂಟ್, ಹೋಟೆಲ್, ಕಾರ್ಖಾನೆಗಳ ನಲ್ಲಿಗಳಿಗೆ ಏರೇಟರ್ ಹಾಕಿಸಲು ಮಾರ್ಚ್ 31ರ ಗಡುವು ಕೊಟ್ಟಿತು. ಕಾವೇರಿ 5ನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಈ ಯೋಜನೆ ರೂಪುಗೊಂಡದ್ದೇ ಆ 110 ಹಳ್ಳಿಗಳಿಗಾಗಿ. ಸಂಪರ್ಕ ಪಡೆಯದ ಕಟ್ಟಡಗಳಿಗೆ ಮಾತ್ರ ಟ್ಯಾಂಕರ್ ತಪ್ಪಿಲ್ಲ.

ಇನ್ನು ಫಾರ್ವರ್ಡ್‌ಗಳನ್ನು ಒಂದೊಂದಾಗಿ ನೋಡೋಣ.

1. "ಪೇಪರ್ ತಟ್ಟೆ ತಂದರೆ ನೀರೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ"

ದುಡ್ಡಿನ ಮಾತು ಸುಳ್ಳು. 2024ರ ಸರ್ಕಾರಿ ದರದಲ್ಲಿ ಟ್ಯಾಂಕರ್ ನೀರು ಲೀಟರ್‌ಗೆ 10 ಪೈಸೆ ಇತ್ತು. ಮೂರು ಪಟ್ಟು ಕೊಟ್ಟರೂ 30 ಪೈಸೆ. ಒಂದು ತಟ್ಟೆಗೆ ಎರಡು ಲೀಟರ್ ಸುರಿದರೂ 60 ಪೈಸೆಗೆ ಮುಗಿಯಿತು. ಆ ಬೆಲೆಗೆ ಊಟದ ಪೇಪರ್ ತಟ್ಟೆ ಸಿಗುವುದಿಲ್ಲ. ಸಂಪಿನಲ್ಲಿ ನೀರೇ ಇಲ್ಲದ ದಿನ ಬೇರೆ ದಾರಿ ಇರಲಿಕ್ಕಿಲ್ಲ, ಅದು ಬೇರೆ ಮಾತು.

ಪೇಪರ್ ಲೋಟ, ತಟ್ಟೆಗಳು ನೀರು ಹೀರದಂತೆ ಒಳಗೆ ಸಾಮಾನ್ಯವಾಗಿ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಇಂಥ ಲೋಟದಲ್ಲಿ 100 ಎಂ.ಎಲ್. ಬಿಸಿ ನೀರು 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುತ್ತವೆ ಎಂದು ಐಐಟಿ ಖರಗ್‌ಪುರದ ಸಂಶೋಧಕರು 2020ರಲ್ಲಿ ಕಂಡುಕೊಂಡರು. ಪೂರ್ತಿ ಪ್ಲಾಸ್ಟಿಕ್‌ನ ತಟ್ಟೆ, ಲೋಟ, ಚಮಚಗಳಂತೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ತೀರಾ ಅನಿವಾರ್ಯವಾದರೆ ಬಾಳೆ ಎಲೆ, ಮುತ್ತುಗದ ಎಲೆ ತನ್ನಿ. ಉಂಡ ಮೇಲೆ ಅದು ನೇರ ಹಸಿ ಕಸಕ್ಕೆ.

2. "ಡಿಶ್‌ವಾಷರ್ ನೀರು ಕುಡಿಯುವ ರಾಕ್ಷಸ"

ಸುಳ್ಳು. ಈಗಿನ ಯಂತ್ರಗಳು ಒಂದು ಸುತ್ತಿಗೆ ಸುಮಾರು 9ರಿಂದ 15 ಲೀಟರ್ ಬಳಸುತ್ತವೆ. ಜರ್ಮನಿಯ ಬಾನ್ ವಿಶ್ವವಿದ್ಯಾಲಯದವರು ಏಳು ದೇಶಗಳ 113 ಜನರಿಗೆ 12 ಮಂದಿ ಉಂಡಷ್ಟು ಪಾತ್ರೆ ಕೊಟ್ಟು ಕೈಯಲ್ಲಿ ತೊಳೆಸಿದರು. ಸರಾಸರಿ 103 ಲೀಟರ್ ಖರ್ಚಾಯಿತು. ಯಂತ್ರವನ್ನು ತುಂಬಿಸಿಯೇ ಓಡಿಸಬೇಕು ಎಂಬುದನ್ನು ಮಾತ್ರ ಮರೆಯಬೇಡಿ. ಅರ್ಧ ಖಾಲಿ ಓಡಿಸಿದರೆ ಲಾಭ ಕರಗುತ್ತದೆ.

ಇಲ್ಲಿ ಇನ್ನೊಂದು ವಿಷಯವಿದೆ. ಎರಡು ಟಬ್ ಇಟ್ಟುಕೊಂಡು ಕೈಯಲ್ಲಿ ತೊಳೆದರೆ ಯಂತ್ರಕ್ಕಿಂತಲೂ ಕಡಿಮೆ ಇಂಗಾಲ ಹೊರಬೀಳುತ್ತದೆ ಎಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ 2020ರ ಅಧ್ಯಯನ ತೋರಿಸಿದೆ. ಯಂತ್ರ ಇಲ್ಲದ ಮನೆಯವರು, ಪಿ.ಜಿ.ಯವರು, ವಠಾರದವರು ಬೇಸರಿಸಬೇಕಿಲ್ಲ. ಆ ವಿಧಾನವನ್ನು ಮುಂದೆ ಹೇಳಿದ್ದೇವೆ.

3. "ಬೂದಿಯಲ್ಲಿ ತಿಕ್ಕಿದರೆ ಸೋಪೂ ಬೇಡ, ನೀರೂ ಬೇಡ"

ಅರ್ಧ ನಿಜ. ಕಟ್ಟಿಗೆ ಬೂದಿಯಲ್ಲಿ ಕ್ಷಾರ ಇರುತ್ತದೆ. ಅದು ಜಿಡ್ಡಿನೊಂದಿಗೆ ಸೇರಿ ಸೋಪಿನಂತೆ ಕೆಲಸ ಮಾಡುತ್ತದೆ. ಸಣ್ಣ ಕಣಗಳು ಉಜ್ಜಲು ನೆರವಾಗುತ್ತವೆ. ನಮ್ಮ ಅಜ್ಜಿಯರು ಸುಮ್ಮನೆ ಬಳಸುತ್ತಿರಲಿಲ್ಲ. ಆದರೆ ಅವರೂ ಆಮೇಲೆ ನೀರಿನಲ್ಲಿ ತೊಳೆಯುತ್ತಿದ್ದರು. ಬೂದಿ ಅಂಟಿದ ತಟ್ಟೆಯಲ್ಲಿ ಉಣ್ಣುವಂತಿಲ್ಲ.

ಈಗಿನ ಅಪಾಯ ಬೇರೆ ಇದೆ. ಕೈಗಾರಿಕಾ ಪ್ರದೇಶದಲ್ಲಿ ಒಲೆಗೆ ಹಾಕುವುದು ಬರೀ ಸೌದೆಯಲ್ಲ. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ, ಪ್ಲೈವುಡ್, ಬಣ್ಣ ಬಳಿದ ಮರ, ಪ್ಲಾಸ್ಟಿಕ್ ಚೂರುಗಳೂ ಅದರಲ್ಲಿ ಸೇರಿರುತ್ತವೆ. ಅಂಥ ಬೂದಿಯಲ್ಲಿ ಸೀಸದಂಥ ಲೋಹಗಳು ಇರಬಹುದು. ಅದನ್ನು ಪಾತ್ರೆಗೆ ಮುಟ್ಟಿಸಲೇಬೇಡಿ. ಅಲ್ಯೂಮಿನಿಯಂ ಪಾತ್ರೆಗೆ ಶುದ್ಧ ಬೂದಿಯೂ ಬೇಡ. ಕ್ಷಾರ ಆ ಲೋಹವನ್ನು ತಿನ್ನುತ್ತದೆ.

4. "ಗೀಸರ್ ನೀರಿನಲ್ಲಿ ತೊಳೆದರೆ ಕೀಟಾಣು ಎಲ್ಲ ಸಾಯುತ್ತವೆ"

ಸುಳ್ಳು. ಬಿಸಿಯಿಂದಲೇ ಪಾತ್ರೆ ಕೀಟಾಣುಮುಕ್ತ ಆಗಬೇಕಾದರೆ ಅದನ್ನು 77 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಕನಿಷ್ಠ 30 ಸೆಕೆಂಡ್ ಮುಳುಗಿಸಬೇಕು ಎನ್ನುತ್ತದೆ ಅಮೆರಿಕದ ಆಹಾರ ಸುರಕ್ಷತಾ ಸಂಹಿತೆ. ಆ ನೀರಿಗೆ ಕೈ ಹಾಕಿದರೆ ಸುಟ್ಟೀತು. ಕೈ ತಾಳುವಷ್ಟು ಬಿಸಿ ನೀರು ಜಿಡ್ಡನ್ನು ಕರಗಿಸುತ್ತದೆ, ಅಷ್ಟೇ. ಕೀಟಾಣುಗಳನ್ನು ಪಾತ್ರೆಯಿಂದ ಕಿತ್ತು ಸಾಗಿಸುವುದು ಸೋಪು, ಉಜ್ಜುವಿಕೆ ಮತ್ತು ಕೊನೆಯ ಶುದ್ಧ ನೀರು. ಬಿಸಿಲ ದಿನ ತಣ್ಣೀರಿನಲ್ಲೇ ತೊಳೆದರೂ ತೊಂದರೆಯಿಲ್ಲ.

5. "ಆರ್‌ಒ ಹೊರಹಾಕುವ ನೀರು ವಿಷ, ಪಾತ್ರೆಗೆ ಬಳಸಲೇಬಾರದು"

ಅರ್ಧ ನಿಜ. ಅದು ವಿಷವಲ್ಲ. ಮೂಲ ನೀರಿನಲ್ಲಿದ್ದ ಲವಣಗಳು ಅದರಲ್ಲಿ ಹೆಚ್ಚು ಸಾಂದ್ರವಾಗಿರುತ್ತವೆ. ತಳ ಹಿಡಿದ ಕುಕ್ಕರ್ ನೆನೆಸಲು, ಮುಸುರೆಯನ್ನು ಮೊದಲ ಸಲ ತೊಳೆಯಲು, ನೆಲ ಒರೆಸಲು ಬಳಸಬಹುದು. ಕೊನೆಯ ಸಲ ಗಲಬರಿಸಲು ಬೇಡ. ಸ್ಟೀಲ್ ಲೋಟದ ಮೇಲೆ ಬಿಳಿ ಕಲೆ ಉಳಿಯುತ್ತದೆ.

ಆದರೆ ಪೀಣ್ಯದ ಸುತ್ತಮುತ್ತಲಿನವರು ಒಂದು ಎಚ್ಚರ ವಹಿಸಬೇಕು. ಅಲ್ಲಿನ ಕೆಲವೆಡೆ ಅಂತರ್ಜಲದಲ್ಲಿ ಕ್ರೋಮಿಯಂ ಪತ್ತೆಯಾಗಿದೆ. ಕುಡಿಯುವ ನೀರಿನಲ್ಲಿ ಅದು ಲೀಟರ್‌ಗೆ 0.05 ಮಿಲಿಗ್ರಾಂ ಮೀರಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಕುದಿಸಿದರೆ ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಆರ್‌ಒ ಹೊರಹಾಕುವ ನೀರಿನಲ್ಲೂ ಅದು ಮೂಲ ನೀರಿಗಿಂತ ಹೆಚ್ಚಿರುತ್ತದೆ. ಬೋರ್‌ವೆಲ್ ನೀರು ಹಳದಿ ಬಣ್ಣಕ್ಕೆ ತಿರುಗಿದ್ದರೆ ಅಥವಾ ಪರೀಕ್ಷೆ ಆಗಿರದಿದ್ದರೆ ಅಡುಗೆ ಪಾತ್ರೆಗೆ ಬಳಸುವ ಮೊದಲು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ.

6. "ತೊಳೆದ ಕೂಡಲೇ ಬಟ್ಟೆಯಲ್ಲಿ ಒರೆಸಿ ಇಟ್ಟರೆ ಶುದ್ಧ"

ಸುಳ್ಳು. ದಿನವಿಡೀ ಒದ್ದೆಯಾಗಿರುವ ಮಸಿಬಟ್ಟೆ ಕೀಟಾಣುಗಳ ಮನೆ. ಕೈ, ಕಟ್ಟೆ, ತಟ್ಟೆ ಎಲ್ಲಕ್ಕೂ ಅದೇ ಬಟ್ಟೆಯಾದರೆ ತೊಳೆದದ್ದೂ ವ್ಯರ್ಥ. ಮೇಲೆ ಹೇಳಿದ ಅಮೆರಿಕದ ಸಂಹಿತೆ, ತೊಳೆದ ಪಾತ್ರೆ ಗಾಳಿಯಲ್ಲೇ ಒಣಗಬೇಕು ಎನ್ನುತ್ತದೆ. ಸ್ಟ್ಯಾಂಡ್‌ನಲ್ಲಿ ಬೋರಲು ಹಾಕಿ, ಒಂದರೊಳಗೊಂದು ಸೇರಿಸಬೇಡಿ. ನೀರು ಸೋರಿ ಗಾಳಿಯಾಡಬೇಕು.

ಸ್ಪಾಂಜಿನ ಕಥೆಯೂ ಇದೇ. ಜರ್ಮನಿಯಲ್ಲಿ 2017ರಲ್ಲಿ ಬಳಸಿದ 14 ಸ್ಪಾಂಜುಗಳನ್ನು ಪರೀಕ್ಷಿಸಿದಾಗ ಕೆಲವೆಡೆ ಒಂದು ಘನ ಸೆಂಟಿಮೀಟರಿನಲ್ಲಿ 5,000 ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ ಸಿಕ್ಕಿದವು. ಅವೆಲ್ಲ ರೋಗ ತರುವಂಥವಲ್ಲ, ಗಾಬರಿ ಬೇಡ. ಬಳಸಿದ ಮೇಲೆ ಹಿಂಡಿ ಬಿಸಿಲಿಗೆ ಇಡಿ, ಆಗಾಗ ಬದಲಿಸಿ. ತೆಂಗಿನ ನಾರು, ಸ್ಟೀಲ್ ಜುಂಗು ಬೇಗ ಒಣಗುತ್ತವೆ.

ಹತ್ತು ಲೀಟರ್‌ನಲ್ಲಿ ನಾಲ್ವರ ಪಾತ್ರೆ

ಮೊದಲು ನಿಮ್ಮ ನಲ್ಲಿಯನ್ನು ಅಳೆಯಿರಿ. ಒಂದು ಲೀಟರ್ ಜಗ್ ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ. ಆರು ಸೆಕೆಂಡ್ ಆದರೆ ನಿಮಿಷಕ್ಕೆ 10 ಲೀಟರ್ ಎಂದಾಯಿತು. ಹತ್ತು ನಿಮಿಷ ನಲ್ಲಿ ಬಿಟ್ಟು ತೊಳೆದರೆ 100 ಲೀಟರ್ ಹೋಯಿತು. ಅದೇ ಕೆಲಸ ಹತ್ತು ಲೀಟರ್‌ನಲ್ಲಿ ಹೀಗೆ ಮುಗಿಸಬಹುದು.

ಒರೆಸಿ: ತಟ್ಟೆಯಲ್ಲಿ ಉಳಿದದ್ದನ್ನು ಹಸಿ ಕಸಕ್ಕೆ ಕೆರೆದು ಹಾಕಿ. ಬಾಣಲೆಯ ಎಣ್ಣೆಯನ್ನು ಹಳೆ ಕಾಗದದಲ್ಲಿ ಒರೆಸಿ ತೆಗೆಯಿರಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ನೆನೆಸಿ: ಮುದ್ದೆ ಮಾಡಿದ ಪಾತ್ರೆ, ಅನ್ನದ ಕುಕ್ಕರ್‌ಗೆ ಒಂದು ಚೊಂಬು ನೀರು ಹಾಕಿ ಮುಚ್ಚಿಡಿ. ಅಕ್ಕಿ ತೊಳೆದ ನೀರಾದರೂ ಸಾಕು.

ತಿಕ್ಕಿ: ಬೇಸನ್‌ನಲ್ಲಿ ಎರಡು ಲೀಟರ್ ಸೋಪು ನೀರು. ಮೊದಲು ಲೋಟ, ಆಮೇಲೆ ತಟ್ಟೆ, ಆಮೇಲೆ ಅಡುಗೆ ಪಾತ್ರೆ, ಕೊನೆಗೆ ಜಿಡ್ಡಿನ ಬಾಣಲೆ. ಈ ಕ್ರಮ ತಪ್ಪಿದರೆ ನೀರು ಬೇಗ ಕೊಳೆಯಾಗುತ್ತದೆ.

ಎರಡು ಟಬ್‌ನಲ್ಲಿ ಅದ್ದಿ: ಒಂದೊಂದರಲ್ಲಿ ಮೂರು ಲೀಟರ್. ಇಲ್ಲಿದೆ ನೋಡಿ ಲೆಕ್ಕ. ಎಲ್ಲ ಪಾತ್ರೆಗಳಿಗೂ ಸೇರಿ 100 ಎಂ.ಎಲ್. ಸೋಪು ನೀರು ಅಂಟಿದೆ ಎಂದುಕೊಳ್ಳಿ. ಆರು ಲೀಟರ್‌ನಲ್ಲಿ ಒಮ್ಮೆಗೇ ಅದ್ದಿದರೆ ಸೋಪು ಸುಮಾರು 60ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದೇ ನೀರನ್ನು ಎರಡು ಟಬ್‌ಗೆ ಹಂಚಿದರೆ ಮೊದಲನೆಯದರಲ್ಲಿ 30ರಲ್ಲಿ ಒಂದು, ಎರಡನೆಯದರಲ್ಲಿ ಮತ್ತೆ 30ರಲ್ಲಿ ಒಂದು, ಒಟ್ಟು 900ರಲ್ಲಿ ಒಂದು ಪಾಲು. ನೀರು ಅಷ್ಟೇ, ಶುದ್ಧಿ ಹದಿನೈದು ಪಟ್ಟು. ಸೀಮಿತ ಟ್ಯಾಂಕ್ ಇಟ್ಟುಕೊಂಡು ಕ್ಯಾರವಾನ್‌ನಲ್ಲಿ ಪ್ರವಾಸ ಹೋಗುವವರಿಗೂ ಇದೇ ಉಪಾಯ ಒದಗುತ್ತದೆ.

ಮರುಬಳಸಿ: ಎರಡನೇ ಟಬ್‌ನ ನೀರು ಮುಂದಿನ ಊಟದ ಪಾತ್ರೆ ನೆನೆಸಲು, ಮೊದಲ ಟಬ್‌ನದು ಶೌಚಾಲಯಕ್ಕೆ. ಅದೇ ದಿನ ಬಳಸಿಬಿಡಿ, ಇಟ್ಟರೆ ನಾರುತ್ತದೆ.

ಟ್ಯಾಂಕರ್ ನೀರಿನ ಮೇಲೆ ಅನುಮಾನ ಇದ್ದರೆ

ಎರಡನೇ ಟಬ್‌ಗೆ ಮಾತ್ರ ಕುದಿಸಿ ಆರಿಸಿದ ನೀರು ಹಾಕಿ. ಮನೆಯಲ್ಲಿ ಭೇದಿ, ವಾಂತಿ ಇದ್ದರೆ, ತೊಳೆದ ಪಾತ್ರೆಯನ್ನು ಬ್ಲೀಚ್ ನೀರಿನಲ್ಲಿ ಒಂದು ನಿಮಿಷ ಅದ್ದಿ ಗಾಳಿಗೆ ಒಣಗಿಸಿ. ಸೋಡಿಯಂ ಹೈಪೋಕ್ಲೋರೈಟ್ ಶೇ 4ರಿಂದ 5 ಎಂದು ಲೇಬಲ್ ಇರುವ, ಸುವಾಸನೆ ಬೆರೆಸದ ದ್ರವವಾದರೆ 5 ಲೀಟರ್‌ಗೆ 10 ಎಂ.ಎಲ್. ಸಾಕು. ಅದಕ್ಕೆ ನಿಂಬೆರಸ, ವಿನೆಗರ್, ಶೌಚಾಲಯದ ಆ್ಯಸಿಡ್ ಯಾವುದನ್ನೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಇದು ಬೇಡ, ಅದನ್ನು ಕುದಿನೀರಿನಲ್ಲಿ ಅದ್ದಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

ನಲ್ಲಿ ಬಿಟ್ಟು ತೊಳೆಯಬೇಡಿ, ಎರಡು ಟಬ್ ಇಡಿ.
ಮೊದಲು ಒರೆಸಿ, ಆಮೇಲೆ ತೊಳೆಯಿರಿ.
ಲೋಟ ಮೊದಲು, ಬಾಣಲೆ ಕೊನೆಗೆ.
ಕೊನೆಯ ನೀರು ಕುಡಿಯುವಷ್ಟು ಶುದ್ಧವಾಗಿರಲಿ.
ಒರೆಸುವ ಬಟ್ಟೆ ಬೇಡ, ಬೋರಲು ಹಾಕಿ ಗಾಳಿಗೆ ಬಿಡಿ.

ಮನೆಗೆಲಸಕ್ಕೆ ಬರುವವರಿಗೂ ಇದನ್ನು ತೋರಿಸಿ. ಎರಡನೇ ಟಬ್ ತಂದುಕೊಡುವ ಹೊಣೆ ಮಾತ್ರ ಮನೆಯವರದು.