750 ಫಾರ್ಮುಲಾ

750 ಫಾರ್ಮುಲಾ ಎಂಬುದು ಬ್ರಿಟನ್ನಿನ ಹವ್ಯಾಸಿ ಕಾರು ಸ್ಪರ್ಧೆಯ ಒಂದು ವರ್ಗ. ಸಾಮಾನ್ಯ ಆದಾಯದವರೂ ಸ್ವತಃ ಕಾರು ನಿರ್ಮಿಸಿ ಸ್ಪರ್ಧಿಸಲು ಅವಕಾಶ ಕಲ್ಪಿಸುವುದು ಇದರ ಮೂಲ ಉದ್ದೇಶ. 750 ಮೋಟಾರ್ ಕ್ಲಬ್ ಇದನ್ನು ನಡೆಸುತ್ತದೆ.

ಹಿನ್ನೆಲೆ

ಆಸ್ಟಿನ್ 7 ಇಂಗ್ಲೆಂಡಿನಲ್ಲಿ 1922ರಿಂದ 1939ರವರೆಗೆ ತಯಾರಾದ ಅಗ್ಗದ ಸಣ್ಣ ಕಾರು. ಇದರ ನಾಲ್ಕು ಸಿಲಿಂಡರುಗಳ ಎಂಜಿನ್ನಿನ ಸಾಮರ್ಥ್ಯ 747 ಸಿಸಿ. ಈ ಕಾರಿನ ಆಸಕ್ತರು 1939ರಲ್ಲಿ ಸ್ಥಾಪಿಸಿದ ಕ್ಲಬ್ಬಿಗೆ ಎಂಜಿನ್ನಿನ ಗಾತ್ರವೇ ಹೆಸರಾಯಿತು. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಹೊಸ ಕಾರುಗಳು ವಿರಳವಾಗಿದ್ದವು. ಪೆಟ್ರೋಲ್ ಪಡಿತರ 1950ರವರೆಗೂ ಮುಂದುವರಿಯಿತು. ಹಳೆಯ ಆಸ್ಟಿನ್ 7 ಕಾರುಗಳು ಮಾತ್ರ ಕಡಿಮೆ ಬೆಲೆಗೆ ದೊರೆಯುತ್ತಿದ್ದವು. ಅವುಗಳನ್ನೇ ಆಧಾರವಾಗಿಟ್ಟುಕೊಂಡು ಕ್ಲಬ್ ಈ ಸ್ಪರ್ಧಾವರ್ಗವನ್ನು ರೂಪಿಸಿತು.

ನಿಯಮಗಳು

ಆರಂಭದ ನಿಯಮಗಳಂತೆ ಕಾರಿನ ಚಾಸಿಸ್ ಮತ್ತು ಎಂಜಿನ್ ಆಸ್ಟಿನ್ 7ರದ್ದೇ ಆಗಿರಬೇಕಿತ್ತು. ಸೂಪರ್‌ಚಾರ್ಜರ್ ಬಳಕೆಗೆ ಅವಕಾಶವಿರಲಿಲ್ಲ. ದುಬಾರಿ ಬಿಡಿಭಾಗಗಳನ್ನು ದೂರವಿಟ್ಟು, ಹಣಕ್ಕಿಂತ ನಿರ್ಮಾಣ ಕೌಶಲಕ್ಕೆ ಹೆಚ್ಚಿನ ಬೆಲೆ ದೊರೆಯುವಂತೆ ಮಾಡುವುದು ಈ ನಿರ್ಬಂಧಗಳ ಆಶಯವಾಗಿತ್ತು.

ನಿಯಮಗಳ ಎಲ್ಲೆಯನ್ನು ಪರೀಕ್ಷಿಸಿದ ಪ್ರಸಿದ್ಧ ಪ್ರಸಂಗ 1951ರದು. ಆಸ್ಟಿನ್ 7 ಎಂಜಿನ್ನಿನಲ್ಲಿ ಎರಡೆರಡು ಸಿಲಿಂಡರುಗಳಿಗೆ ಒಂದೇ ಒಳಹರಿವಿನ ದ್ವಾರವಿದೆ. ಕಾಲಿನ್ ಚಾಪ್‌ಮನ್ ತನ್ನ ಲೋಟಸ್ ಮಾರ್ಕ್ 3 ಕಾರಿನಲ್ಲಿ ಈ ದ್ವಾರಗಳನ್ನು ಒಳಗೆ ಇಬ್ಭಾಗಿಸಿ, ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಮಾರ್ಗ ಕಲ್ಪಿಸಿದ. ಆಗಿನ ನಿಯಮಗಳಲ್ಲಿ ಇದಕ್ಕೆ ಅಡ್ಡಿಯಿರಲಿಲ್ಲ. ಈ ಕಾರು ಪ್ರತಿಸ್ಪರ್ಧಿಗಳನ್ನು ಬಹಳ ಹಿಂದೆ ಹಾಕಿದ್ದರಿಂದ ಕ್ಲಬ್ ನಿಯಮವನ್ನು ತಿದ್ದಿ ಈ ಉಪಾಯವನ್ನು ನಿಷೇಧಿಸಿತು. ಮುಕ್ತ ಆವಿಷ್ಕಾರ ಮತ್ತು ಸಮಾನ ಸ್ಪರ್ಧೆಗಳ ನಡುವಿನ ಈ ತಿಕ್ಕಾಟ ಕಡಿಮೆ ವೆಚ್ಚದ ಎಲ್ಲ ಸ್ಪರ್ಧಾವರ್ಗಗಳಲ್ಲೂ ಕಂಡುಬರುತ್ತದೆ.

ನಂತರದ ಬೆಳವಣಿಗೆ

ಫೋರ್ಡ್ ಕಂಪನಿಯ 1172 ಸಿಸಿ ಎಂಜಿನ್ನನ್ನು ಆಧರಿಸಿದ 1172 ಫಾರ್ಮುಲಾವನ್ನು ಕ್ಲಬ್ 1953ರಲ್ಲಿ ಆರಂಭಿಸಿತು. ಲೋಲಾ ಸಂಸ್ಥೆಯ ಸ್ಥಾಪಕ ಎರಿಕ್ ಬ್ರಾಡ್ಲಿ ತನ್ನ ಮೊದಲ ಕಾರನ್ನು ನಿರ್ಮಿಸಿದ್ದು ಈ ವರ್ಗಕ್ಕಾಗಿ. ಚಾಪ್‌ಮನ್‌ನ ಲೋಟಸ್ ಮುಂದೆ ಫಾರ್ಮುಲಾ ಒನ್ ತಯಾರಕರ ಪ್ರಶಸ್ತಿಯನ್ನು ಏಳು ಬಾರಿ ಗೆದ್ದಿತು.

ಆಸ್ಟಿನ್ 7ರ ಬಿಡಿಭಾಗಗಳು ಅಪರೂಪವಾಗಿ ಅವುಗಳ ಬೆಲೆ ಏರಿದಾಗ, ಅಗ್ಗದ ಸ್ಪರ್ಧೆಯೆಂಬ ಉದ್ದೇಶಕ್ಕೇ ಧಕ್ಕೆಯೊದಗುವ ಸ್ಥಿತಿ ಬಂದಿತು. ಆದ್ದರಿಂದ 750 ಫಾರ್ಮುಲಾದಲ್ಲಿ ಮೊದಲು ರಿಲಯಂಟ್, ಅನಂತರ 1108 ಸಿಸಿ ಫಿಯೆಟ್ ಎಂಜಿನ್ನುಗಳಿಗೆ ಅನುಮತಿ ನೀಡಲಾಯಿತು. ಎಂಜಿನ್ ಬದಲಾದರೂ ವರ್ಗದ ಹೆಸರು ಹಾಗೆಯೇ ಉಳಿದಿದೆ.