ಬಳ್ಳಾರಿಯ ಅಚ್ಚುಮೊಳೆಯಿಂದ ಫೋನಿನ ಪಿಡಿಎಫ್‌ವರೆಗೆ: ಗಡಿಸೀಮೆಯ ಕ್ರೈಸ್ತ ಪುಸ್ತಕಗಳು

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅದು ಕರ್ನಾಟಕವನ್ನು ಹಾದು ಹೋಗುತ್ತದೆ. ಊರುಗಳೆರಡೂ ಆಂಧ್ರದವು, ನಡುವೆ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಚಾಚಿಕೊಂಡಿದೆ. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳನ್ನು ಮತ್ತೆ ವಿಂಗಡಿಸಿದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಪಕ್ಕದ ಮಡಕಶಿರಾ ಸೀಮೆಯ ಅಗಳಿ, ರೊಳ್ಳ, ಅಮರಾಪುರಗಳ ಕಡೆ ಎಷ್ಟೋ ಮನೆಗಳ ಮಾತು ಕನ್ನಡ. ಕಚೇರಿಯ ಕಾಗದ, ಹೆಚ್ಚಿನ ಶಾಲೆಗಳ ಪಾಠ ತೆಲುಗು. ಇಂಥ ನೆಲದಲ್ಲಿ ಕ್ರೈಸ್ತ ಭಕ್ತಿಯ ಪುಸ್ತಕ ಬರೆಯಹೊರಟವರಿಗೆ ಮೂರು ಪ್ರಶ್ನೆಗಳು ತಪ್ಪಿದ್ದಲ್ಲ. ಯಾವ ಭಾಷೆಯಲ್ಲಿ, ಎಷ್ಟು ಜನಕ್ಕೆ, ಯಾರ ದುಡ್ಡಿನಲ್ಲಿ? ಅಚ್ಚಿನ ಕಾಲದಲ್ಲಿ ಮೂರನೆಯ ಪ್ರಶ್ನೆಯ ಉತ್ತರವೇ ಮೊದಲಿನ ಎರಡನ್ನೂ ತೀರ್ಮಾನಿಸುತ್ತಿತ್ತು. ಅಂತರ್ಜಾಲ ಬಂದು ಸಡಿಲಿಸಿದ್ದು ಈ ಗಂಟನ್ನು.

ಕತೆ ಶುರುವಾಗುವುದು ಬಳ್ಳಾರಿಯಲ್ಲಿ. ಅನಂತಪುರ ಪ್ರತ್ಯೇಕ ಜಿಲ್ಲೆಯಾದದ್ದು 1882ರಲ್ಲಿ. ಅಲ್ಲಿಯವರೆಗೆ ಅದು ಬಳ್ಳಾರಿ ಜಿಲ್ಲೆಯ ಭಾಗ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಕನ್ನಡ ಕಲಿತು, ಬೈಬಲಿನ ಅನುವಾದಕ್ಕೆ ಕೈಹಾಕಿದರು. ಇಡೀ ಬೈಬಲು ಕನ್ನಡದಲ್ಲಿ ಹೊರಬರುವ ಹೊತ್ತಿಗೆ 1831 ಆಗಿತ್ತು. ಇಪ್ಪತ್ತು ವರ್ಷ ದಾಟಿದ ದುಡಿಮೆ! ಅದೇ ಸಂಸ್ಥೆಯ ವಿಲಿಯಂ ರೀವ್ ಇಂಗ್ಲಿಷ್–ಕನ್ನಡ ನಿಘಂಟನ್ನು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟನ್ನು 1832ರಲ್ಲಿ ಕೊಟ್ಟರು. ಇಡೀ ಬೈಬಲು ತೆಲುಗಿಗೆ ಬಂದದ್ದು 1854ರಲ್ಲಿ. ಈ ಸೀಮೆಯ ಎರಡು ಮಾತುಗಳಲ್ಲಿ ಕನ್ನಡಕ್ಕೆ ಇಡೀ ಗ್ರಂಥ ಮೊದಲು ಸಿಕ್ಕಿತೆಂಬುದನ್ನು ನಾವು ಸಾಕಷ್ಟು ನೆನೆಯುವುದಿಲ್ಲ.

ಬಳ್ಳಾರಿಯಲ್ಲಿದ್ದ ಮಿಷನ್ ಅಚ್ಚುಕೂಟ ಎಷ್ಟು ಮುಖ್ಯವಾಗಿತ್ತು ಎಂಬುದಕ್ಕೆ ಕನ್ನಡ ಪತ್ರಿಕೋದ್ಯಮವೇ ಸಾಕ್ಷಿ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಆರಂಭಿಸಿದ ‘ಮಂಗಳೂರ ಸಮಾಚಾರ’ ಮರುವರ್ಷವೇ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಬಳ್ಳಾರಿಗೆ ಹೋಯಿತು. ಮಂಗಳೂರಿನಲ್ಲಿ ಆಗ ಇದ್ದದ್ದು ಕಲ್ಲಚ್ಚು, ಬಳ್ಳಾರಿಯಲ್ಲಿ ಅಚ್ಚುಮೊಳೆಗಳಿದ್ದವು. ಮುಂದೆ ಬಾಸೆಲ್ ಮಿಷನ್ನಿನ ಮುದ್ರಣಾಲಯ ಬಲಿತು ಮಂಗಳೂರು ಕೇಂದ್ರವಾಯಿತು. ಅದೇ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ಯಾಗಿ ಕನ್ನಡ ಪದ್ಯಕ್ಕೆ ಇಳಿಸಿದರು. ಅನ್ಯದೇಶದ ಭಕ್ತಿಯನ್ನು ಇಲ್ಲಿನ ಛಂದಸ್ಸಿನಲ್ಲಿ ಹೇಳಲು ಹೊರಟ ಆ ಧೈರ್ಯ ನನಗೆ ಅವರ 1894ರ ನಿಘಂಟಿನಷ್ಟೇ ದೊಡ್ಡದೆನಿಸುತ್ತದೆ. ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ 1887ರಿಂದ ‘ವೃತ್ತಾಂತ ಪತ್ರಿಕೆ’ಯನ್ನು ನಡೆಸಿತು. ಇಷ್ಟೆಲ್ಲಕ್ಕೂ ಹಣ, ಯಂತ್ರ, ಕಾಗದ, ತಪ್ಪು ತಿದ್ದುವ ಕಣ್ಣು, ಹಂಚುವ ಜಾಲ ಎಲ್ಲವೂ ಮಿಷನ್ನಿನವು. ಯಾವುದು ಅಚ್ಚಾಗಬೇಕೆಂದು ಹೇಳುವ ಅಧಿಕಾರವೂ ಅಲ್ಲೇ ಇತ್ತು.

ರಾಜ್ಯಗಳ ಗಡಿ ಬಿದ್ದ ಮೇಲೆ ಈ ಸೀಮೆಯ ಪಾಡು ಬೇರೆಯಾಯಿತು. ಅದಕ್ಕೂ ಮುಂಚೆ, 1947ರ ಸೆಪ್ಟೆಂಬರ್ 27ರಂದು, ದಕ್ಷಿಣ ಭಾರತ ಸಭೆ ರೂಪುಗೊಂಡು ಲಂಡನ್ ಮಿಷನ್ನಿನ ಹಳೆಯ ಸಭೆಗಳು ಅದರೊಳಗೆ ಬಂದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಕನ್ನಡದ ಅಚ್ಚು ಗಡಿಯ ಆ ಕಡೆ, ಕನ್ನಡ ಆಡುವ ವಿಶ್ವಾಸಿಗಳಲ್ಲಿ ಒಂದು ಪಾಲು ಈ ಕಡೆ. ಆಡುವ ಮಾತು ಕನ್ನಡವಾದರೂ ಓದಲು ಬರುವುದು ತೆಲುಗಕ್ಷರ ಎಂಬ ತಲೆಮಾರು ಬೆಳೆಯಿತು. ಸಾವಿರ ಪ್ರತಿ ಹಾಕಿದರೆ ಕೊಳ್ಳುವವರಿಲ್ಲ, ನೂರು ಹಾಕಿದರೆ ಪ್ಲೇಟಿನ ಖರ್ಚೂ ಹುಟ್ಟುವುದಿಲ್ಲ. ಆಫ್‌ಸೆಟ್ ಮುದ್ರಣದ ಲೆಕ್ಕವೇ ಹಾಗೆ.

ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಬಂದಾಗ ಬರಹ ಪೇಟೆಯ ಅಂಗಡಿಗೆ ಇಳಿಯಿತು. ಸಾಕ್ಷಿ, ಹಾಡಿನ ಪುಸ್ತಕ, ಕೂಟದ ಕೈಪತ್ರಿಕೆ ಎಲ್ಲವನ್ನೂ ಅಲ್ಲೇ ಜೋಡಿಸಬಹುದಿತ್ತು. ತೆಲುಗಿಗೆ ಅನು ಫಾಂಟುಗಳು. ಕನ್ನಡಕ್ಕೆ ಬರಹ, ನುಡಿ, ಶ್ರೀಲಿಪಿ. ಇಲ್ಲೊಂದು ತೊಡಕು ಅಡಗಿತ್ತು. ಈ ಫಾಂಟುಗಳು ಒಳಗೆ ಇಂಗ್ಲಿಷ್ ಸಂಕೇತಗಳನ್ನು ಇಟ್ಟುಕೊಂಡು ಮೇಲೆ ಕನ್ನಡದ ಚಿತ್ರ ತೋರಿಸುತ್ತಿದ್ದವು. ಕಾಗದದ ಮೇಲೆ ಎಲ್ಲ ಸರಿ. ಅದೇ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಆ ಕಾಲದಲ್ಲಿ ಜೋಡಿಸಿದ ಪುಸ್ತಕಗಳ ಪಿಡಿಎಫ್‌ಗಳು ಇಂದು ಕಣ್ಣಿಗೆ ಕಾಣುತ್ತವೆ, ಹುಡುಕಾಟಕ್ಕೆ ಸಿಗುವುದಿಲ್ಲ. ನಕಲು ತೆಗೆದು ಇನ್ನೊಂದೆಡೆ ಅಂಟಿಸಿದರೆ ಕೆಡುತ್ತವೆ. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಪುಸ್ತಕ ಜೋಡಿಸುವವರ ಮೇಜಿಗೆ ಅದು ತಲುಪಲು ದಶಕಗಳೇ ಹಿಡಿದವು.

ಓದು ಫೋನಿಗೆ ಹೊರಳಿದ್ದು ಇನ್ನೂ ಈಚೆಗೆ. ಯೂವರ್ಷನ್ ಬೈಬಲ್ ಆ್ಯಪ್ 2008ರಲ್ಲಿ ಬಂದಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಶುರುವಾಗಿ ಡೇಟಾ ಅಗ್ಗವಾದ ಮೇಲೆ ಸಣ್ಣ ಊರುಗಳಲ್ಲೂ ಇಡೀ ಪುಸ್ತಕ ಕಳಿಸುವುದು ಸಲೀಸಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆಜಾನ್ ತನ್ನ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳನ್ನು ಸೇರಿಸಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಈ ಸೀಮೆಯ ಕನ್ನಡ, ತೆಲುಗುಗಳಲ್ಲಿ ಒಂದೂ ಆ ಪಟ್ಟಿಯಲ್ಲಿರಲಿಲ್ಲ. ಮಾರುವ ಬಾಗಿಲು ತೆರೆಯದಿದ್ದಾಗ ಹಂಚುವ ದಾರಿಯೇ ಗತಿ. ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ಹೋಗುವ ಪಿಡಿಎಫ್ ಹೀಗೆ ಪುಸ್ತಕದ ಸ್ಥಾನಕ್ಕೆ ಬಂತು.

ಉಚಿತವಾಗಿ ಕೊಡುವುದು ಈ ಸಾಹಿತ್ಯಕ್ಕೆ ಹೊಸದಲ್ಲ, ಕೈಪತ್ರಿಕೆ ಯಾವತ್ತೂ ಉಚಿತವೇ. ಹೊಸದು ಎಂದರೆ ಬರೆದವರೇ ಹಕ್ಕನ್ನು ಬಿಚ್ಚಿಡುವುದು. ಬೆಂಗಳೂರಿನ ಕ್ರೈಸ್ತ ಬೋಧಕ ಝಾಕ್ ಪೂನನ್ ತಮ್ಮ ಪುಸ್ತಕಗಳನ್ನು ಹಲವು ಭಾಷೆಗಳಲ್ಲಿ ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಇಟ್ಟಿದ್ದಾರೆ. ಬೈಬಲಿನಲ್ಲೇ ಇಂಡಿಯನ್ ರಿವೈಸ್ಡ್ ವರ್ಷನ್ ಎಂಬ ಕನ್ನಡ ಪಾಠ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಸಿಗುತ್ತದೆ; ಮೂಲದ ಹೆಸರು ಹೇಳಿ, ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಹಂಚಬಹುದು. ಧ್ಯಾನದ ಪುಸ್ತಕದಲ್ಲಿ ಅಧ್ಯಾಯಗಟ್ಟಲೆ ವಾಕ್ಯ ಉಲ್ಲೇಖಿಸುವವರಿಗೆ ಇದು ದೊಡ್ಡ ಅನುಕೂಲ. ಹಳೆಯ ಬರಹಕ್ಕೆ ಕಾನೂನೇ ದಾರಿ ಬಿಟ್ಟಿದೆ: 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಕೃತಿ ಎಲ್ಲರದ್ದು.

ಈ ಬೆಳವಣಿಗೆ ನನಗೆ ಸಂತೋಷ ತಂದಿದೆ. ಐವತ್ತೇ ಜನ ಓದುಗರಿದ್ದರೂ ಪುಸ್ತಕ ಬರೆಯಬಹುದು ಎಂಬ ಸ್ಥಿತಿ ಈ ಸೀಮೆಗೆ ಹಿಂದೆಂದೂ ಇರಲಿಲ್ಲ. ಆದರೆ ಮಿಷನ್ನಿನ ಅಧಿಕಾರದ ಜೊತೆಗೆ ಮಿಷನ್ನಿನ ಶಿಸ್ತೂ ಹೋಯಿತು. ಕರಡು ತಿದ್ದುವವರಿಲ್ಲ. ಎಷ್ಟೋ ಪಿಡಿಎಫ್‌ಗಳಲ್ಲಿ ಬರೆದವರ ಹೆಸರಿಲ್ಲ, ಊರಿಲ್ಲ, ಇಸವಿ ಇಲ್ಲ. ಅನುವಾದವೋ ಸ್ವಂತದ್ದೋ ತಿಳಿಯದು. ಬಾಸೆಲ್ ಮಿಷನ್ನಿನವರ ಪುಸ್ತಕಗಳನ್ನು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಇಂದು ಗುಂಡರ್ಟ್ ಪೋರ್ಟಲ್‌ನಲ್ಲಿ ತೋರಿಸಲು ಆಗಿರುವುದು ಅವು ಇಸವಿ ಸಮೇತ ಗ್ರಂಥಾಲಯದ ಕಪಾಟಿನಲ್ಲಿ ಉಳಿದಿದ್ದರಿಂದ. ಈಗಿನ ಪಿಡಿಎಫ್ ಹಾಗಲ್ಲ, ಫೋನು ಬದಲಾದರೆ ಅದರಲ್ಲಿದ್ದ ಪುಸ್ತಕವೂ ಹೋಯಿತು. ಇಂಟರ್ನೆಟ್ ಆರ್ಕೈವ್‌ನಲ್ಲಿ ಒಂದು ಪ್ರತಿ ಇಡಲು ಕಾಸು ಬೇಕಿಲ್ಲ. ಭಾರತದಲ್ಲಿ ಐಎಸ್‌ಬಿಎನ್ ಸಂಖ್ಯೆಯೂ ಉಚಿತ.

ಲಿಪಿಯ ತೊಡಕಿಗೂ ಈಗ ಪರಿಹಾರ ಕೈಗೆಟುಕುವಷ್ಟು ಹತ್ತಿರ ಇದೆ. ಯೂನಿಕೋಡ್‌ನಲ್ಲಿ ತೆಲುಗು, ಕನ್ನಡಗಳ ಅಕ್ಷರಮಾಲೆಗಳನ್ನು ಒಂದೇ ಕ್ರಮದಲ್ಲಿ ಅಕ್ಕಪಕ್ಕ ಇಟ್ಟಿದ್ದಾರೆ. ಕನ್ನಡ ಅಕ್ಷರದ ಸಂಖ್ಯೆಯಿಂದ 128 ಕಳೆದರೆ ಅದೇ ತೆಲುಗಕ್ಷರ ಬರುತ್ತದೆ. ಅಂದರೆ ಕನ್ನಡದ ಹಾಡಿನ ಪುಸ್ತಕವನ್ನು ಮಾತು ಬದಲಿಸದೆ, ಮರುಜೋಡಣೆಯಿಲ್ಲದೆ, ಕ್ಷಣದಲ್ಲಿ ತೆಲುಗು ಲಿಪಿಯಲ್ಲಿ ತೋರಿಸಬಹುದು. ಬರೆದದ್ದು ಯೂನಿಕೋಡ್‌ನಲ್ಲಿರಬೇಕು, ಅಷ್ಟೆ. ಮನೆಯಲ್ಲಿ ಕನ್ನಡ ಆಡುತ್ತ ಶಾಲೆಯಲ್ಲಿ ತೆಲುಗು ಮಾತ್ರ ಕಲಿತ ಅಗಳಿಯ ಹುಡುಗಿ ತನ್ನ ಅಜ್ಜಿಯ ಕನ್ನಡ ಪ್ರಾರ್ಥನೆಯನ್ನು ಆಗ ತಾನೇ ಓದಬಲ್ಲಳು. ಹಿಂದೂಪುರ, ಕಲ್ಯಾಣದುರ್ಗಗಳ ಸಭೆಗಳು ಹಳೆಯ ಡಿಟಿಪಿ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸುವ ಕೆಲಸವನ್ನು ಮೊದಲು ಹಾಡಿನ ಪುಸ್ತಕಗಳಿಂದಲೇ ಶುರುಮಾಡಲಿ.